ಇಪ್ಪತ್ಮೂರು ಕೆಂಪು ಸಾಲುಗಳು

ರಾಯಚೂರು ಜಿಲ್ಲೆಯ ಹೈಸ್ಕೂಲುಗಳ ಗೋಡೆಗಳನ್ನು ಪೂರ್ತಿಯಾಗಿ ನೋಡಿದವರು ಇಬ್ಬರೇ. ಒಬ್ಬ ಸುಣ್ಣ ಹಚ್ಚುವವನು, ಇನ್ನೊಬ್ಬ ನನ್ನ ಸೋದರಮಾವ. ಸುಣ್ಣ ಹಚ್ಚುವವನನ್ನು ಶಾಲೆಯವರು ಕರೆಸುತ್ತಾರೆ. ಮಾಮನನ್ನು ಯಾರೂ ಕರೆಸುವುದಿಲ್ಲ, ತಾನೇ ಹೋಗುತ್ತಾನೆ!

ಉತ್ಪ್ರೇಕ್ಷೆ ಎನ್ನುವಿರಾ? ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ಉತ್ಪ್ರೇಕ್ಷೆಗೆ ಕತ್ತರಿ ಹಾಕುವುದೇ ನನ್ನ ಕೆಲಸ. ಆದ್ದರಿಂದ ನನ್ನ ತಿದ್ದುಪಡಿಯನ್ನೂ ನಾನೇ ಕೊಡುತ್ತೇನೆ. ಎಲ್ಲ ಹೈಸ್ಕೂಲುಗಳಲ್ಲ, ನಲವತ್ತೊಂದು. ಅವೂ ರಾಯಚೂರು, ಮಾನ್ವಿ, ದೇವದುರ್ಗ ತಾಲ್ಲೂಕುಗಳವು ಮಾತ್ರ. ಮತ್ತು ಇಡೀ ಗೋಡೆಯಲ್ಲ, ಹೆಡ್‌ಮಾಸ್ತರರ ಕೋಣೆಯಲ್ಲಿ ಟೈಮ್‌ಟೇಬಲ್ ಅಂಟಿಸಿದ ಜಾಗ.

ಮಾಮ ಮಾನ್ವಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನಾಗಿದ್ದು ನಿವೃತ್ತನಾದವನು. ಮಸರಕಲ್ಲಿನ ನಮ್ಮ ಕೂಲಿ ಮಾಡುವ ಮನೆತನದಲ್ಲಿ ಮೊದಲು ಕುರ್ಚಿಯ ಮೇಲೆ ಕೂತವನು ಅವನೇ. ಎರಡನೆಯವಳು ನನ್ನ ಅವ್ವ, ಅಂಗನವಾಡಿಯಲ್ಲಿ. ಅದು ಪ್ಲಾಸ್ಟಿಕ್ ಕುರ್ಚಿ. ಮಾಮ ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಎಂದು ಕೇಳಿದವರಿಗೆ ಟೈಮ್‌ಟೇಬಲ್ಲಿನಲ್ಲಿ ಜಾಗ ಸಿಗಲಿಲ್ಲ ಎಂದು ಹೇಳುತ್ತಿದ್ದ. ಕೇಳುವವರು ನಕ್ಕು ಸುಮ್ಮನಾಗುತ್ತಿದ್ದರು. ಈಗ ಕೇಳುವವರೂ ಇಲ್ಲ. ರಾಯಚೂರಿನಲ್ಲಿ ರೈಲು ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಅವನ ಎರಡು ಕೋಣೆಯ ಬಾಡಿಗೆ ಮನೆ. ಒಂದರಲ್ಲಿ ಒಲೆ, ಮಂಚ, ಬುದ್ಧನ ಪಟ. ಇನ್ನೊಂದರಲ್ಲಿ ಒಂದು ಮೇಜು, ಒಂದು ಕುರ್ಚಿ, ಒಂದು ಲ್ಯಾಪ್‌ಟಾಪು. ಬಂದವರು ಎಲ್ಲಿ ಕೂರಬೇಕು? ಬರುವವನು ನಾನೊಬ್ಬ, ನಾನು ಮಂಚದ ಮೇಲೆ ಕೂರುತ್ತೇನೆ.

ಹೈಸ್ಕೂಲಿನ ಟೈಮ್‌ಟೇಬಲ್ ಮಾಡುವುದು ಎಷ್ಟು ಕಷ್ಟ ಎಂಬುದು ಮಾಡಿದವರಿಗೇ ಗೊತ್ತು. ಹಿಂದಿ ಟೀಚರು ರಾಯಚೂರಿನಿಂದ ಬಸ್ಸಿಗೆ ಬರುತ್ತಾರೆ, ಅವರಿಗೆ ಮೊದಲ ಪಿರಿಯಡ್ ಆಗದು. ಇಂಗ್ಲಿಷ್ ಮಾಸ್ತರರಿಗೆ ಊಟದ ನಂತರ ಕಣ್ಣು ಎಳೆಯುತ್ತವೆ, ಅವರಿಗೆ ಐದನೆಯದು ಬೇಡ. ಮೈದಾನ ಒಂದು, ಆಟದ ಪಿರಿಯಡ್ಡುಗಳು ಹನ್ನೆರಡು. ಪ್ರತಿ ಜೂನ್ ತಿಂಗಳಲ್ಲಿ ಸ್ಟಾಫ್‌ರೂಮಿನಲ್ಲಿ ಈ ಜಗಳ ನೋಡಿ ಬೇಸತ್ತ ಮಾಮ ಮತ್ತು ಅದೇ ಶಾಲೆಯ ವಿಜ್ಞಾನದ ಮಾಸ್ತರ ಇಬ್ಬರೂ ಸೇರಿ ಒಂದು ಪ್ರೋಗ್ರಾಮ್ ಬರೆದರು. ಮಾಸ್ತರರ ಹೆಸರು, ವಿಷಯ, ಅಡಚಣೆ ಎಲ್ಲ ತುಂಬಿದರೆ ಟೈಮ್‌ಟೇಬಲ್ಲನ್ನು ಅದೇ ಮಾಡಿ ಕೊಡುತ್ತದೆ. ಅದನ್ನು ಇಂಟರ್‌ನೆಟ್ಟಿನಲ್ಲಿ ಓಪನ್ ಸೋರ್ಸ್ ಆಗಿ ಬಿಟ್ಟರು. ಅಂದರೆ ಯಾರು ಬೇಕಾದರೂ ಬಿಟ್ಟಿ ಬಳಸಬಹುದು, ಒಳಗಿನ ಬರಹ ಓದಬಹುದು, ತಪ್ಪಿದ್ದರೆ ತಿದ್ದಿ ಕಳಿಸಬಹುದು. ಬಳಸಿದವರು ಬಹಳ ಜನ. ಓದಿದವರು ಬೆರಳೆಣಿಕೆ. ತಿದ್ದಿ ಕಳಿಸಿದವರು? ಮಾಮನೇ.

ನಿವೃತ್ತಿಯಾದ ಹೊಸತರಲ್ಲಿ ಇಂಥ ಬಿಟ್ಟಿ ಪ್ರೋಗ್ರಾಮುಗಳನ್ನು ನೋಡಿಕೊಳ್ಳುವ, ಎಲ್ಲಿಯದೋ ಊರಿನ ಒಬ್ಬ ಅಪರಿಚಿತ ಸ್ವಯಂಸೇವಕ ಅವನಿಗೆ ಒಂದು ಮೇಲ್ ಬರೆದು, ನಿಮ್ಮ ಟೆಸ್ಟ್ ಕವರೇಜ್ ಎಷ್ಟು ಎಂದು ಕೇಳಿದ. ಮೂವತ್ತಮೂರು ವರ್ಷ ಬೇರೆಯವರ ಅಂಕ ಕೇಳಿದ ಮನುಷ್ಯನಿಗೆ ಮೊದಲ ಸಲ ಅವನ ಅಂಕವನ್ನು ಯಾರೋ ಕೇಳಿದ್ದರು! ಏನದು ಎಂದು ಹುಡುಕಿ ಓದಿದ, ನನಗೂ ಹೇಳಿದ. ಪ್ರೋಗ್ರಾಮ್ ಅಂದರೆ ಸಾಲು ಸಾಲಾಗಿ ಬರೆದ ಸೂಚನೆಗಳು. ಅದು ಸರಿಯಾಗಿ ನಡೆಯುತ್ತದೆಯೇ ಎಂದು ನೋಡಲು ಪರೀಕ್ಷೆಗಳನ್ನು ಬರೆಯುತ್ತಾರೆ. ಆ ಪರೀಕ್ಷೆಗಳು ನಡೆಯುವಾಗ ಯಾವ ಸಾಲು ಓಡಿತು, ಯಾವುದು ಓಡಲೇ ಇಲ್ಲ ಎಂದು ಲೆಕ್ಕವಿಡುವ ಒಂದು ಸಲಕರಣೆ ಇದೆ. ಓಡಿದ ಸಾಲು ಹಸಿರು, ಓಡದ ಸಾಲು ಕೆಂಪು. ಕೊನೆಗೆ ನೂರಕ್ಕೆ ಇಷ್ಟು ಎಂದು ಅಂಕ.

ಮಾಮನಿಗೆ ಬಂದದ್ದು ಐವತ್ನಾಲ್ಕು. ಪಾಸಾಗಿದ್ದೀಯಲ್ಲ ಎಂದೆ.

“ಲೇ ಅಳಿಯಾ, ಗಣಿತದಾಗ ಐವತ್ನಾಲ್ಕು ತಗೊಂಡಾವ್ರನ್ನ ನಾ ಹೆಂಗ ನೋಡತಿದ್ದೆ ನಿನಗ ಗೊತ್ತಿಲ್ಲ.”

ನನಗೆ ಚೆನ್ನಾಗಿ ಗೊತ್ತಿತ್ತು. ನಾನು ತೆಗೆದುಕೊಂಡದ್ದು ಮೂವತ್ತೆಂಟು.

ಅಂದಿನಿಂದ ಶುರುವಾಯಿತು. ಪ್ರೋಗ್ರಾಮಿನಲ್ಲಿ ಮಾತ್ರ ಶುರುವಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಜಗತ್ತೆಲ್ಲ ಅವನಿಗೆ ಹಸಿರು, ಕೆಂಪು ಸಾಲುಗಳಾಗಿ ಕಾಣಲು ಹತ್ತಿತು! ಬಸ್ ನಿಲ್ದಾಣದ ಹತ್ತಿರ ಅವನು ದಿನಾ ಮಂಡಕ್ಕಿಯ ವಗ್ಗರಣಿ, ಮಿರ್ಚಿ ಬಜ್ಜಿ ತಿನ್ನುವ ಹೋಟೆಲಿದೆ. ಅದರ ಬೋರ್ಡಿನಲ್ಲಿ ಇಪ್ಪತ್ತಾರು ತಿಂಡಿಗಳ ಹೆಸರುಗಳಿವೆ. ದಿನಕ್ಕೊಂದರಂತೆ ಮೇಲಿನಿಂದ ಕೆಳಕ್ಕೆ ತಿನ್ನುತ್ತ ಬಂದ. ಇಪ್ಪತ್ತೈದು ದಿನ ಎಲ್ಲ ಸಿಕ್ಕವು. ಇಪ್ಪತ್ತಾರನೆಯ ದಿನ ಫ್ರೂಟ್ ಸಲಾಡ್ ಕೇಳಿದ. ಇಲ್ಲ ಎಂದರು. ಮರುದಿನವೂ ಇಲ್ಲ. ಎಂಟನೆಯ ದಿನ ಗಲ್ಲಾಪೆಟ್ಟಿಗೆಯ ಮುಂದಿದ್ದ ಮಾಲೀಕ ಎದ್ದು ಬಂದು ಕೈಮುಗಿದ.

“ಸರ್, ಅದು ನಾವು ಎಂದೂ ಮಾಡಿಲ್ರೀ. ಹದಿನೆಂಟು ವರ್ಷದ ಹಿಂದ ಬೋರ್ಡ್ ಬರದಾಂವ ಕೆಳಗ ಜಾಗ ಉಳೀತು ಅಂತ ಬರದು ಹೋಗ್ಯಾನ.”

ಮಾಮನ ಸಂತೋಷಕ್ಕೆ ಮಿತಿಯಿರಲಿಲ್ಲ. ಹದಿನೆಂಟು ವರ್ಷ ಎಲ್ಲರ ಕಣ್ಣೆದುರು ಇದ್ದೂ ಒಮ್ಮೆಯೂ ಓಡದ ಸಾಲು! ಅಳಿಸಿಬಿಡಿ ಎಂದು ಸಲಹೆ ಕೊಟ್ಟ. ಇರಲಿ ಬಿಡ್ರಿ, ಬೋರ್ಡ್ ತುಂಬಿದಂಗ ಕಾಣ್ತದ ಎಂದು ಮಾಲೀಕ ಒಪ್ಪಲಿಲ್ಲ.

ಆಮೇಲೆ ನನ್ನ ಪತ್ರಿಕೆಯ ಸರದಿ. ಒಂದು ವರ್ಷದ ಜಿಲ್ಲಾ ಪುಟಗಳನ್ನು ಇಟ್ಟುಕೊಂಡು, ರಾಯಚೂರು ತಾಲ್ಲೂಕಿನ ಯಾವ ಯಾವ ಊರಿನ ಹೆಸರು ಬಂದಿದೆ ಎಂದು ಪಟ್ಟಿ ಮಾಡಿದ. ಗಿಲ್ಲೆಸುಗೂರು ಒಂದೇ ಸಲ ಬಂದಿತ್ತು, ಅದೂ ಬಸ್ಸು ಕೆಟ್ಟು ನಿಂತಾಗ. ಅರ್ಧಕ್ಕಿಂತ ಹೆಚ್ಚು ಊರುಗಳು ಬಂದೇ ಇರಲಿಲ್ಲ. ಪಟ್ಟಿಯನ್ನು ನಮ್ಮ ಸಂಪಾದಕರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಇದನ್ನು ಯಾರಿಗೂ ತೋರಿಸಬೇಡ ಎಂದರು.

ಪ್ರೋಗ್ರಾಮಿಗೆ ಬರೋಣ. ಅಲ್ಲಿ ಮಾಮನದು ಇನ್ನೊಂದು ಹಟ. ಉಳಿದವರು ಪರೀಕ್ಷೆ ಬರೆಯುವಾಗ ಮನಸ್ಸಿಗೆ ಬಂದ ಹೆಸರು ಹಾಕುತ್ತಾರೆ. ಮಾಸ್ತರ ಒಂದು, ಮಾಸ್ತರ ಎರಡು ಎಂದು ಬರೆದು ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ಮಾಮ ಒಪ್ಪುವುದಿಲ್ಲ. ಪರೀಕ್ಷೆಯಲ್ಲಿ ಇರುವ ಪ್ರತಿ ಮಾಸ್ತರನೂ ಎಲ್ಲಾದರೂ ಉಸಿರಾಡುವ ಮಾಸ್ತರನೇ ಆಗಿರಬೇಕು. “ಇಲ್ಲದ ಮಾಸ್ತರಗ ತಲಿನೋವು ಬರಂಗಿಲ್ಲ, ಬಸ್ ತಪ್ಪಂಗಿಲ್ಲ. ಅಂವನ ಮ್ಯಾಲೆ ಪರೀಕ್ಷಾ ಮಾಡಿದ್ರ ಏನು ತಿಳೀತದ?” ಈ ಕಾರಣಕ್ಕೇ ಗೋಡೆಗಳ ಯಾತ್ರೆ. ಒಂದು ಕೆಂಪು ಸಾಲನ್ನು ಹಸಿರು ಮಾಡಬೇಕಾದರೆ, ಅಂಥದೊಂದು ಅಡಚಣೆ ನಿಜವಾಗಿ ಇರುವ ಶಾಲೆಯನ್ನು ಹುಡುಕಿ ಬಸ್ಸು ಹತ್ತಬೇಕು. ಬಟ್ಟೆಯ ಚೀಲ, ಕನ್ನಡಕ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹೋಗುವುದು, ಗೋಡೆಯ ಮುಂದೆ ನಿಂತು ಟೈಮ್‌ಟೇಬಲ್ ಬರೆದುಕೊಳ್ಳುವುದು.

ಈ ವೇಷದ ಮನುಷ್ಯ ಸುಮ್ಮನೆ ನಿಂತು ಬರೆದುಕೊಳ್ಳುತ್ತಿದ್ದರೆ ಹೆಡ್‌ಮಾಸ್ತರರು ಏನೆಂದುಕೊಂಡಾರು? ಒಂದು ಶಾಲೆಯಲ್ಲಿ ಮೇಲಿನಿಂದ ತಪಾಸಣೆಗೆ ಬಂದವನೆಂದೇ ತಿಳಿದು ಕುರ್ಚಿ ಒರೆಸಿದರು, ಚಹಾ ತರಿಸಿದರು, ಹಿಂದಿನ ಬಾಗಿಲಿನಿಂದ ಯಾರನ್ನೋ ಅಟ್ಟಿ ಶೌಚಾಲಯ ತೊಳೆಸಿದರು. ಮಾಮನ ಕಣ್ಣು ಗೋಡೆಯ ಮೇಲೆಯೇ ಇತ್ತು. ಗುರುವಾರ ಆರನೆಯ ಪಿರಿಯಡ್ಡಿಗೆ ಡ್ರಿಲ್ ಮಾಸ್ತರರು ಎಂಟನೆಯ ತರಗತಿಗೂ ಒಂಬತ್ತನೆಯ ತರಗತಿಗೂ ಇದ್ದರು. ನಿಮ್ಮಲ್ಲಿ ಇಬ್ಬರು ಡ್ರಿಲ್ ಮಾಸ್ತರರು ಇದ್ದಾರೇನು ಎಂದು ಕೇಳಿದ.

“ಒಬ್ಬರೂ ಇಲ್ರೀ ಸರ್,” ಎಂದರು ಹೆಡ್‌ಮಾಸ್ತರರು ಬೆವರು ಒರೆಸಿಕೊಳ್ಳುತ್ತ. “ಅವರು ವರ್ಗಾ ಆಗಿ ಎರಡು ವರ್ಷ ಆತು.”

ಬಂದವನು ತಪಾಸಣೆಯವನಲ್ಲ, ನಿವೃತ್ತ ಮಾಸ್ತರ ಎಂದು ತಿಳಿದ ಮೇಲೆ ಆ ಮನುಷ್ಯನಿಗೆ ಎಷ್ಟು ಹಗುರಾಯಿತೆಂದರೆ ಇನ್ನೊಂದು ಚಹಾ ತರಿಸಿದರು. ಒಂದೇ ಹೊತ್ತಿಗೆ ಎರಡು ಕಡೆ ಇರುವ, ಎಲ್ಲಿಯೂ ಇಲ್ಲದ ಆ ಡ್ರಿಲ್ ಮಾಸ್ತರರು ಮಾಮನಿಗೆ ಹನ್ನೊಂದು ಸಾಲುಗಳನ್ನು ಹಸಿರು ಮಾಡಿಕೊಟ್ಟರು.

ಹೀಗೆ ಅರವತ್ತು, ಎಪ್ಪತ್ತೆಂಟು, ತೊಂಬತ್ತು. ದಿನಾ ಬೆಳಿಗ್ಗೆ ಆರಕ್ಕೆ ಎಲ್ಲೋ ಇರುವ ಒಂದು ಯಂತ್ರ ತಾನಾಗಿಯೇ ಆ ಪರೀಕ್ಷೆಗಳನ್ನೆಲ್ಲ ನಡೆಸಿ ಮಾಮನಿಗೆ ಮೇಲ್ ಕಳಿಸುತ್ತದೆ: ಎಲ್ಲ ಸರಿಯಿದೆ, ಅಂಕ ಇಷ್ಟು. ಮಾಮ ಅದನ್ನು ಚಹಾದ ಜೊತೆ ಓದುತ್ತಾನೆ. ನಿನ್ನೆಯದೇ ಇವತ್ತೂ ಇರುತ್ತದಲ್ಲ, ಅದರಲ್ಲಿ ಓದುವುದೇನು ಎಂದು ಒಮ್ಮೆ ಕೇಳಿದೆ. ಹಬ್ಬದ ದಿನವೂ ತಪ್ಪದೆ ನನಗೆ ಬರೆಯುವವರು ಬೇರೆ ಯಾರಿದ್ದಾರೆ ಎಂದ. ನಗುತ್ತಲೇ ಹೇಳಿದ. ನಾನು ನಗಲು ಸ್ವಲ್ಪ ತಡವಾಯಿತು.

ಬಂಧು ಬಳಗದ ಮನೆಗಳ ಪಟ್ಟಿ ಮಾಡಿದ್ದು ಆಮೇಲೆ. ಹಲವು ವರ್ಷ ಹೊಸ್ತಿಲು ತುಳಿಯದ ಮನೆಗಳೆಲ್ಲ ಕೆಂಪು. ಒಂದೊಂದಾಗಿ ಹೋಗಿ ಬರತೊಡಗಿದ. ಮಸರಕಲ್ಲಿನಲ್ಲಿ ಅವನ ದೊಡ್ಡಪ್ಪನ ಮಗಳು ಒಬ್ಬಳಿದ್ದಾಳೆ, ವಯಸ್ಸಾದವಳು. ಹತ್ತು ನಿಮಿಷ ಕೂತು, ಚಹಾ ಕುಡಿದು, ಮುಂದಿನ ಬಸ್ಸಿಗೆ ಎದ್ದ. ಅವಳು ಬಾಗಿಲಲ್ಲಿ ನಿಲ್ಲಿಸಿದಳು.

“ತಮ್ಮಾ, ಬಂದಿ, ಚಾ ಕುಡದಿ, ಹೊಂಟಿ. ನಾ ಹೆಂಗ ಅದೀನಿ ಅಂತ ಕೇಳಲೇ ಇಲ್ಲಲ್ಲ.”

ಮಾಮ ತಿರುಗಿ ಹೋಗಿ ಕೂತ. ಅವಳು ತನ್ನ ಮೊಣಕಾಲಿನ ವಿಷಯ ಎರಡು ತಾಸು ಹೇಳಿದಳು. ಎರಡು ಬಸ್ಸು ಹೋದವು. ಮನೆಗೆ ಬಂದವನೇ ತನ್ನ ಪರೀಕ್ಷೆಗಳನ್ನು ಮೊದಲಿನಿಂದ ತೆರೆದು ನೋಡಿದ. ಎಷ್ಟೋ ಪರೀಕ್ಷೆಗಳು ಸಾಲನ್ನು ಓಡಿಸುತ್ತಿದ್ದವು ಅಷ್ಟೇ. ಬಂದ ಉತ್ತರ ಸರಿಯೋ ತಪ್ಪೋ ಎಂದು ಕೇಳುತ್ತಲೇ ಇರಲಿಲ್ಲ! ಹಸಿರು ಅಂದರೆ ಮುಟ್ಟಿ ಬಂದಿದ್ದೇನೆ ಎಂದು, ವಿಚಾರಿಸಿ ಬಂದಿದ್ದೇನೆ ಎಂದಲ್ಲ. ಎರಡು ತಿಂಗಳು ಕೂತು ಎಲ್ಲವನ್ನೂ ತಿದ್ದಿದ. ಅಂಕ ಒಂದಿಷ್ಟೂ ಏರಲಿಲ್ಲ. ಅವನು ಅಷ್ಟು ಖುಷಿಯಾಗಿ ಕೆಲಸ ಮಾಡಿದ್ದನ್ನು ನಾನು ಬೇರೆ ಯಾವಾಗಲೂ ನೋಡಿಲ್ಲ.

ಕೊನೆಗೆ ತೊಂಬತ್ತೆಂಟಕ್ಕೆ ಬಂದು ನಿಂತಿತು. ಉಳಿದದ್ದು ಇಪ್ಪತ್ಮೂರು ಸಾಲು. ಒಂದೇ ಕಡೆ, ಸಾಲಾಗಿ, ಕೆಂಪಗೆ.

ಅವು ಮಾಮ ಬರೆದವಲ್ಲ, ಆ ವಿಜ್ಞಾನದ ಮಾಸ್ತರ ಬರೆದವು. ಹತ್ತು ವರ್ಷ ಇಬ್ಬರೂ ಒಂದೇ ಶಾಲೆಯಲ್ಲಿದ್ದರು. ಒಂದು ಸೋಮವಾರ ಬೆಳಿಗ್ಗೆ ಅವನು ಬರಲಿಲ್ಲ. ಮಾಮ ಹಾಜರಿ ಪುಸ್ತಕ ನೋಡಿದರೆ ಅವನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ದೇವದುರ್ಗಕ್ಕೆ ವರ್ಗ’ ಎಂದಿತ್ತು. ಶನಿವಾರ ಮಧ್ಯಾಹ್ನದವರೆಗೆ ಜೊತೆಗಿದ್ದವನು ಒಂದು ಮಾತು ಹೇಳಿರಲಿಲ್ಲ. ಮಾಮ ಫೋನ್ ಮಾಡಲಿಲ್ಲ. ಅವನೂ ಮಾಡಲಿಲ್ಲ. ಹನ್ನೊಂದು ವರ್ಷವಾಯಿತು. ಈ ನಡುವೆ ಮಾಮ ಪ್ರೋಗ್ರಾಮಿನ ಉಳಿದ ಭಾಗವನ್ನೆಲ್ಲ ಹೊಸದಾಗಿ ಬರೆದಿದ್ದ. ಯಾವ ಸಾಲನ್ನು ಯಾರು ಬರೆದರೆಂದು ಅಂಚಿನಲ್ಲಿ ಹೆಸರು ಬರುತ್ತದೆ. ಆ ಮಾಸ್ತರನ ಹೆಸರು ಉಳಿದಿದ್ದದ್ದು ಈ ಇಪ್ಪತ್ಮೂರು ಸಾಲುಗಳ ಅಂಚಿನಲ್ಲಿ ಮಾತ್ರ.

ಅವು ಮಾಡುವ ಕೆಲಸ ಸರಳ. ಪಟ್ಟಿಯಲ್ಲಿ ಇಬ್ಬರು ಮಾಸ್ತರರ ಮುಂದೆ ಒಬ್ಬರಿಗೊಬ್ಬರ ನಂಬರು ಬರೆದಿದ್ದರೆ, ಅವರಿಬ್ಬರಿಗೂ ದಿನಕ್ಕೊಂದು ಪಿರಿಯಡ್ ಒಂದೇ ಹೊತ್ತಿಗೆ ಬಿಡುವು ಸಿಗಬೇಕು. ಆದರೆ ಯಾವ ಶಾಲೆಗೆ ಇದು ಬೇಕು? ನಲವತ್ತೊಂದರಲ್ಲಿ ಒಂದೂ ಕೇಳಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಮಾಸ್ತರಿಕೆ ಮಾಡುವ ಶಾಲೆಯಲ್ಲಿ ಬೇಕಾದೀತು ಎಂದು ಮಾಮನ ತರ್ಕ. ಮಾನ್ವಿಯಲ್ಲಿ ಅಂಥ ಜೋಡಿಯನ್ನು ಹುಡುಕಿಕೊಂಡು ಹೋದ. ಅವರು ಹೆಡ್‌ಮಾಸ್ತರರಿಗೆ ಮನವಿ ಕೊಟ್ಟದ್ದು ನಿಜ. ಇಬ್ಬರ ಬಿಡುವೂ ಒಂದೇ ಹೊತ್ತಿಗೆ ಬರದಂತೆ ನೋಡಿಕೊಳ್ಳಿ ಎಂದು!

ಹೀಗಿರುವಾಗ ಆ ಸ್ವಯಂಸೇವಕನ ಇನ್ನೊಂದು ಮೇಲ್ ಬಂತು. ಶಾಲೆಗಳಿಗೆ ಬೇಕಾದ ಪ್ರೋಗ್ರಾಮುಗಳನ್ನೆಲ್ಲ ಒಟ್ಟು ಮಾಡಿ ಹಂಚುತ್ತಿದ್ದೇವೆ, ನಿಮ್ಮದನ್ನೂ ಸೇರಿಸುತ್ತೇವೆ, ಆದರೆ ಪರೀಕ್ಷೆಯಿಲ್ಲದ ಸಾಲು ಇರಕೂಡದು. ತಿಂಗಳ ಕೊನೆಯೊಳಗೆ ಅವಕ್ಕೆ ಪರೀಕ್ಷೆ ಬರೆಯಿರಿ, ಇಲ್ಲವೇ ಅಳಿಸಿ, ಹೇಗೂ ಯಾರೂ ಬಳಸುತ್ತಿಲ್ಲ ಎಂದು. ಪಾಪ, ಸಹಾಯಕ್ಕೆಂದು ಇಬ್ಬರು ಸುಳ್ಳು ಮಾಸ್ತರರನ್ನು ಹುಟ್ಟಿಸಿ ಒಂದು ಪರೀಕ್ಷೆಯನ್ನೂ ಬರೆದು ಕಳಿಸಿದ್ದ. ಮಾಮ ಧನ್ಯವಾದ ಹೇಳಿ ಅದನ್ನು ವಾಪಸ್ ಮಾಡಿದ. ಇನ್ನು ಉಳಿದದ್ದು ಅಳಿಸುವ ದಾರಿ. ನಾನು ಹೋದಾಗಲೆಲ್ಲ ಆ ಸಾಲುಗಳು ಪರದೆಯ ಮೇಲೆ ಇರುತ್ತಿದ್ದವು, ಮಾಮ ಮುಂದೆ ಕೂತಿರುತ್ತಿದ್ದ. ಒಂದು ಗುಂಡಿ ಒತ್ತಿದರೆ ನೂರು. ಆದರೆ ಆ ಗುಂಡಿ ಒತ್ತಿದರೆ ಆ ಹೆಸರು ಇನ್ನೆಲ್ಲಿಯೂ ಇರುವುದಿಲ್ಲ.

“ಆ ಮಾಸ್ತರನ್ನಽ ಕೇಳು ಮಾಮಾ,” ಎಂದೆ.

“ನಲವತ್ತೊಂದು ಸಾಲಿ ಆಗ್ಯಾವ. ಇನ್ನೊಂದು ನೋಡೂಣು,” ಎಂದ.

ತಿಂಗಳ ಕೊನೆಯ ಭಾನುವಾರ ಪತ್ರಿಕೆಯ ಕೆಲಸದ ಮೇಲೆ ನಾನು ದೇವದುರ್ಗಕ್ಕೆ ಹೊರಟಿದ್ದೆ. ಮಾಮ ಬಿಳಿ ಅಂಗಿ ಹಾಕಿಕೊಂಡು, ಲ್ಯಾಪ್‌ಟಾಪನ್ನು ಬಟ್ಟೆಯ ಚೀಲದಲ್ಲಿಟ್ಟು ಬಸ್ ನಿಲ್ದಾಣಕ್ಕೆ ಬಂದ. ದೇವದುರ್ಗದಲ್ಲಿ ಒಂದು ಶಾಲೆ ಉಳಿದಿದೆ, ಅದರ ಗೋಡೆ ನೋಡಬೇಕು ಎಂದ. ಭಾನುವಾರ ಯಾವ ಶಾಲೆಯ ಬಾಗಿಲು ತೆರೆದಿರುತ್ತದೆ? ನಾನು ಕೇಳಲಿಲ್ಲ. ಎರಡು ಟಿಕೆಟ್ ತೆಗೆದುಕೊಂಡೆ. ದಾರಿಯುದ್ದಕ್ಕೂ ಅವನು ಹೊರಗಿನ ಹತ್ತಿ ಹೊಲಗಳನ್ನು ನೋಡುತ್ತ ಕೂತಿದ್ದ. ದೇವದುರ್ಗದಲ್ಲಿ ಇಳಿದ ಮೇಲೆ ಮಾತ್ರ ಯಾರನ್ನೂ ದಾರಿ ಕೇಳದೆ ಎರಡು ಓಣಿ ದಾಟಿ ಒಂದು ಮನೆಯ ಮುಂದೆ ನಿಂತ. ವಿಳಾಸ ಯಾವಾಗ ತಿಳಿದುಕೊಂಡಿದ್ದನೋ, ಎಷ್ಟು ವರ್ಷ ಇಟ್ಟುಕೊಂಡಿದ್ದನೋ.

ಬಾಗಿಲು ತೆರೆದದ್ದು ಆ ಮಾಸ್ತರನ ಹೆಂಡತಿ. ಒಂದು ಕ್ಷಣ ನೋಡಿ, “ಬರ್ರಿ ಅಣ್ಣಾರ,” ಎಂದು ಸರಿದು ನಿಂತರು. ಒಳಗೆ ಮಂಚದ ಮೇಲೆ ಕೂತು ಪೇಪರು ಓದುತ್ತಿದ್ದ ತೆಳ್ಳನೆಯ ಮನುಷ್ಯ ಪೇಪರು ಮಡಿಚಲಿಲ್ಲ.

“ಏನು ಬಂದಿ?”

“ಇಪ್ಪತ್ಮೂರು ಸಾಲಿನ ಸಲುವಾಗಿ.”

ಮಾಮ ಲ್ಯಾಪ್‌ಟಾಪು ತೆಗೆದು ಮಂಚದ ಮೇಲಿಟ್ಟ. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಇವು ಇನ್ನೂ ಇವೆಯೇ ಎಂದು ಕೇಳಿದರು. ನಲವತ್ತೊಂದು ಶಾಲೆಗಳನ್ನು ಹಾಕಿ ನೋಡಿದೆ, ಯಾವುದಕ್ಕೂ ಓಡುವುದಿಲ್ಲ, ಈ ತಿಂಗಳು ಅಳಿಸಬೇಕು ಎನ್ನುತ್ತಿದ್ದಾರೆ ಎಂದು ಮಾಮ ವರದಿ ಒಪ್ಪಿಸಿದ.

“ನಾವಿಬ್ಬರೂ ಇದ್ದ ಸಾಲಿದು ಹಾಕಿದ್ಯೇನು?”

“ಇಲ್ಲ.”

“ಯಾಕ?”

“ನಮ್ಮದು ಸರಿ ಅದ ಅಂತ ಗೊತ್ತಿತ್ತಲ್ಲ.”

ಮೂರು ತಾಲ್ಲೂಕು ತಿರುಗಿದವನು ತನ್ನದೇ ಶಾಲೆಯ ಗೋಡೆಯನ್ನು ನೋಡಿರಲಿಲ್ಲ! ವರ್ಗವಾಗುವವರೆಗೆ ಅಲ್ಲಿ ಪ್ರತಿ ವರ್ಷ ಹೆಸರು, ನಂಬರು ತುಂಬುತ್ತಿದ್ದವರು ಈ ವಿಜ್ಞಾನದ ಮಾಸ್ತರರೇ. ಆ ಹಳೆಯ ಪಟ್ಟಿಯನ್ನು ಅವರು ತಮಗೆ ತಾವೇ ಮೇಲ್ ಮಾಡಿಟ್ಟುಕೊಂಡಿದ್ದರಂತೆ. ಹುಡುಕಲು ಹತ್ತು ನಿಮಿಷ ಹಿಡಿಯಿತು. ಪಟ್ಟಿ ತೆರೆಯಿತು. ಮಾಮನ ನಂಬರು ನಾಲ್ಕು, ಅವರದು ಏಳು. ಕೊನೆಯ ಕಾಲಮ್ಮು ಪೂರ್ತಿ ಖಾಲಿ, ಎರಡು ಕಡೆ ಬಿಟ್ಟು. ನಾಲ್ಕರ ಮುಂದೆ ಏಳು, ಏಳರ ಮುಂದೆ ನಾಲ್ಕು.

ಮಾಮ ಆ ಎರಡು ಅಂಕಿಗಳ ಮೇಲೆ ಬೆರಳಿಟ್ಟ.

“ಅಷ್ಟು ವರ್ಷ ದಿನಾ ನಮ್ಮಿಬ್ಬರಿಗೂ ಒಂದಽ ಪಿರಿಯಡ್ ಬಿಡುವು ಬರ್ತಿತ್ತು,” ಎಂದ. “ತಾನಾಗೇ ಬರ್ತದ ಅಂತ ತಿಳಕೊಂಡಿದ್ದೆ.”

“ಹಂಗ ತಾನಾಗೇ ಬರೂದು ಆಗಂಗಿಲ್ಲ ಅಂತ ಗಣಿತದ ಮಾಸ್ತರಗ ತಿಳೀಲಿಲ್ಲ?”

ಮಾಮ ಆ ಪಟ್ಟಿಯನ್ನು ನಲವತ್ತೆರಡನೆಯ ಶಾಲೆಯಾಗಿ ಸೇರಿಸಿ, ಪರೀಕ್ಷೆ ಬರೆದು ಓಡಲು ಬಿಟ್ಟ. ಎಲ್ಲ ಶಾಲೆಗಳು ಮುಗಿಯಲು ನಾಲ್ಕು ನಿಮಿಷ ಬೇಕು. ಹೆಂಡತಿ ವಗ್ಗರಣಿ ತಂದಿಟ್ಟು ಹೋದರು. ಯಾರೂ ಮುಟ್ಟಲಿಲ್ಲ. ಪರದೆಯ ಮೇಲೆ ಒಂದೊಂದೇ ಶಾಲೆಯ ಹೆಸರು ಮೇಲೇರುತ್ತಿತ್ತು.

“ಯಾಕ ಹೇಳದ ಹೋದಿ?” ಮಾಮ ಕೇಳಿದ. ಕೇಳುವಾಗ ಪರದೆಯನ್ನು ನೋಡುತ್ತಿದ್ದ.

ಅವರು ಪೇಪರನ್ನು ಮಡಿಚಿ ಪಕ್ಕಕ್ಕಿಟ್ಟರು. ಹೆಂಡತಿಗೆ ದೇವದುರ್ಗದಲ್ಲಿ ಕೆಲಸ, ಆಕೆಯ ತಾಯಿ ಹಾಸಿಗೆ ಹಿಡಿದಿದ್ದರು, ಹೋಗಲೇಬೇಕಿತ್ತು ಎಂದು ಮೆಲ್ಲಗೆ ಹೇಳಿದರು. ಶನಿವಾರ ಇಬ್ಬರಿಗೂ ಬಿಡುವಿದ್ದ ನಾಲ್ಕನೆಯ ಪಿರಿಯಡ್ ಪೂರ್ತಿ ಹೇಳಬೇಕೆಂದೇ ಕೂತಿದ್ದರಂತೆ. ಮಾಮ ಯಾವುದೋ ಲೆಕ್ಕ ಬಿಡಿಸಿ ತೋರಿಸುತ್ತಿದ್ದನಂತೆ.

“ಹೇಳಿದ್ರ ಹೋಗೂದು ನನ್ನಿಂದ ಆಗ್ತಿರಲಿಲ್ಲೋ.”

ಮಾಮ ತಲೆಯೆತ್ತಿದ. ಅವರ ಮುಖವನ್ನು ಸರಿಯಾಗಿ ನೋಡಿದ್ದು ಆಗಲೇ ಇರಬೇಕು. ಇಷ್ಟು ಸಣ್ಣ ಯಾಕಾಗಿದ್ದಿ, ಊಟ ಮಾಡ್ತಿಯೋ ಇಲ್ಲೋ ಎಂದ. ಸಕ್ಕರೆ ಕಾಯಿಲೆ ಎಂದರು ಅವರು. ಯಾವಾಗಿನಿಂದ ಎಂದು ಮಾಮ ಕೇಳಿದ, ಯಾವ ಡಾಕ್ಟರು ಎಂದು ಕೇಳಿದ, ಗುಳಿಗೆಯ ಹೆಸರು ಕೇಳಿದ. ಅವರು ಬೈಯುತ್ತ ಹೇಳತೊಡಗಿದರು.

ಅಷ್ಟರಲ್ಲಿ ಪರದೆಯ ಮೇಲೆ ಎಲ್ಲ ಸಾಲುಗಳೂ ಹಸಿರಾಗಿ, ಕೆಳಗೆ ನೂರು ಎಂದು ಬಂತು. ಮೂರು ವರ್ಷ ಮಾಮ ಬೆಳಿಗ್ಗೆ ಆರಕ್ಕೆ ಎದ್ದು ಕಾದ ಅಂಕ ಅದು. ನೋಡಿದವನು ನಾನೊಬ್ಬನೇ. ಸುದ್ದಿ ಸಿಕ್ಕ ಕೂಡಲೇ ಹೇಳುವುದು ನನ್ನ ವೃತ್ತಿ. ನಾನು ಮೆಲ್ಲಗೆ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಅವರಿಬ್ಬರಿಗೂ ಹೇಳದೆ ಹೊರಗೆ ಬಂದೆ.